ಸ್ಟೀರಾಯ್ಡ್ ತಗೊಂಡ ಮೇಲೆ ಹೊಟ್ಟೆ ದಿಢೀರ್ ಸರಿಹೋಯಿತಾ, ಇಲ್ಲಾ ಕೆಟ್ಟಿತಾ? ಮುಂದೆ ಮಾಡಬೇಕಾದ್ದು

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಎರಡು ಬಗೆಯದು. ಮೊದಲನೆಯದು: "ವರ್ಷಗಟ್ಟಲೆ ಹೊಟ್ಟೆನೋವು, ಭೇದಿ. ಯಾವ ಟೆಸ್ಟಲ್ಲೂ ಏನೂ ಸಿಕ್ಕಿಲ್ಲ. ಮೊನ್ನೆ ಉಬ್ಬಸಕ್ಕೆ ಅಂತ ಸ್ಟೀರಾಯ್ಡ್ ಕೊಟ್ಟರು, ಹೊಟ್ಟೆಯೂ ಸರಿಹೋಯಿತು. ಮಾತ್ರೆ ಮುಗಿದ ಮೇಲೆ ಮತ್ತೆ ಅದೇ ಕಥೆ. ಏನಿದರ ಅರ್ಥ?" ಎರಡನೆಯದು ಇದರ ಉಲ್ಟಾ: "ಕರುಳಲ್ಲಿ ಹುಣ್ಣಿದೆ ಅಂತ ಸ್ಟೀರಾಯ್ಡ್ ಶುರು ಮಾಡಿದರು. ಮೊದಮೊದಲು ಚೆನ್ನಾಗಿತ್ತು. ಈಗ ಜ್ವರ ಬರ್ತಿದೆ, ತೂಕ ಇಳೀತಿದೆ. ಮಾತ್ರೆ ನಿಲ್ಲಿಸಿಬಿಡಲಾ?"

ಎರಡನೆಯವರಿಗೆ ಮೊದಲು ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಆದರೆ ಇವತ್ತೇ ಡಾಕ್ಟರಿಗೆ ತಿಳಿಸಿ. ಮೊದಲನೆಯವರಿಗೆ: ನಿಮ್ಮ ಕೈಗೆ ಒಂದು ಒಳ್ಳೆಯ ಸುಳಿವು ಸಿಕ್ಕಿದೆ, ರೋಗದ ಹೆಸರು ಇನ್ನೂ ಸಿಕ್ಕಿಲ್ಲ. ಆ ಸುಳಿವನ್ನು ಹಾಳು ಮಾಡಿಕೊಳ್ಳದೆ ಹೆಸರಿನವರೆಗೆ ಹೋಗುವುದು ಹೇಗೆ ಅನ್ನುವುದನ್ನು ಮುಂದೆ ಹಂತ ಹಂತವಾಗಿ ಬರೆದಿದ್ದೇನೆ.

ಇಲ್ಲಿ ಸ್ಟೀರಾಯ್ಡ್ ಅಂದರೆ ಯಾವುದು

ಜಿಮ್‌ನಲ್ಲಿ ಮೈ ಬೆಳೆಸಲು ಬಳಸುವ ಸ್ಟೀರಾಯ್ಡ್ ಬೇರೆ ಜಾತಿ. ಇಲ್ಲಿ ಹೇಳುತ್ತಿರುವುದು ಕಾರ್ಟಿಸೋಲ್ ಜಾತಿಯ ಔಷಧಿಯ ಬಗ್ಗೆ. ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಒಂದಿಷ್ಟು ಕಾರ್ಟಿಸೋಲ್ ಎಂಬ ಹಾರ್ಮೋನ್ ತಯಾರಿಸುತ್ತವೆ. ಅದೇ ಕೆಲಸವನ್ನು ಇನ್ನೂ ಜೋರಾಗಿ ಮಾಡುವ ಔಷಧಿ ಇದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದನ್ನು ಸಂಧಿವಾತದ ರೋಗಿಗೆ ಮೊದಲ ಸಲ ಕೊಟ್ಟರು. ಕೆಲವೇ ದಿನಗಳಲ್ಲಿ ಆದ ಬದಲಾವಣೆ ನೋಡಿ ವೈದ್ಯಲೋಕ ಬೆರಗಾಯಿತು. 1950ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. 1955ರಲ್ಲಿ ಆಕ್ಸ್‌ಫರ್ಡ್‌ನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್‌ಗೂ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರು.

ಸ್ಟೀರಾಯ್ಡ್ ಮಾಡುವ ಮುಖ್ಯ ಕೆಲಸ ಉರಿಯೂತವನ್ನು ತಗ್ಗಿಸುವುದು. ಉರಿಯೂತ ಅಂದರೆ ಗಾಯಕ್ಕೋ ಸೋಂಕಿಗೋ ಮೈ ತೋರಿಸುವ ಊತ, ಕೆಂಪು, ಬಿಸಿ, ನೋವು. ತೊಂದರೆ ಇರುವುದು ಇಲ್ಲೇ. ಉರಿಯೂತ ಯಾಕೆ ಬಂದಿದೆ ಅಂತ ಸ್ಟೀರಾಯ್ಡ್ ನೋಡುವುದಿಲ್ಲ. ಮೈ ತನ್ನ ಮೇಲೆ ತಾನೇ ದಾಳಿ ಮಾಡುತ್ತಿದ್ದರೂ ತಗ್ಗಿಸುತ್ತದೆ, ರೋಗಾಣುವಿನ ಜೊತೆ ಹೋರಾಡುತ್ತಿದ್ದರೂ ತಗ್ಗಿಸುತ್ತದೆ. ಮೊದಲ ಕೆಲವು ದಿನ ಎರಡೂ ಒಂದೇ ಥರ ಕಾಣುತ್ತವೆ.

ಕೈಯಲ್ಲಿ ಏನೇನಿರಬೇಕು

ಒಂದು ನೋಟ್‌ಬುಕ್, ಥರ್ಮಾಮೀಟರ್, ತೂಕದ ಯಂತ್ರ. ತಗೊಂಡ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್, ಚೀಟಿ, ಬಿಲ್. ಹಳೆಯ ರಕ್ತಪರೀಕ್ಷೆ, ಸ್ಕ್ಯಾನ್, ಎಂಡೋಸ್ಕೋಪಿ ವರದಿಗಳು. ಬಯಾಪ್ಸಿ ಆಗಿದ್ದರೆ, ಅಂದರೆ ಕರುಳಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದ್ದರೆ, ಅದರ ವರದಿ ಇದ್ದೇ ಇರಲಿ. ಆ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಲ್ಯಾಬಿನವರು ಇಟ್ಟಿರುತ್ತಾರೆ. ಬೇರೆ ಕಡೆ ಮತ್ತೊಮ್ಮೆ ನೋಡಿಸಬೇಕಾದರೆ ಕೇಳಿ ಪಡೆಯಬಹುದು. ಹೊಸ ಎಂಡೋಸ್ಕೋಪಿಗಿಂತ ಎಷ್ಟೋ ಸಲ ಇದೇ ಉಪಯೋಗಕ್ಕೆ ಬರುತ್ತದೆ.

ಹಂತ 1: ನಿಜವಾಗಿ ಏನು ತಗೊಂಡಿರಿ, ಎಷ್ಟು ತಗೊಂಡಿರಿ

"ಅಲರ್ಜಿ ಇಂಜೆಕ್ಷನ್", "ಪವರ್ ಮಾತ್ರೆ", "ಊತದ ಮಾತ್ರೆ" ಅಂತ ಕೊಟ್ಟಿದ್ದು ಸ್ಟೀರಾಯ್ಡ್ ಆಗಿರಬಹುದು. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಪ್ರೆಡ್ನಿಸೊಲೋನ್, ಮಿಥೈಲ್ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಜಾಕಾರ್ಟ್, ಹೈಡ್ರೋಕಾರ್ಟಿಸೋನ್, ಬುಡೆಸೊನೈಡ್. ಇವೆಲ್ಲ ಒಂದೇ ಮನೆತನ. ವೈಸೊಲೋನ್, ಓಮ್ನಾಕಾರ್ಟಿಲ್, ಮೆಡ್ರಾಲ್, ಬೆಟ್ನಿಸಾಲ್ ಎಂಬ ಬ್ರ್ಯಾಂಡುಗಳು ನಮ್ಮ ಮೆಡಿಕಲ್ ಶಾಪುಗಳಲ್ಲಿ ಮಾಮೂಲು.

ಮಿಲಿಗ್ರಾಂ ಲೆಕ್ಕದಲ್ಲಿ ಮೋಸ ಹೋಗಬೇಡಿ. 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ ಅಂದರೆ ಸುಮಾರು 4 ಮಿ.ಗ್ರಾಂ ಮಿಥೈಲ್ ಪ್ರೆಡ್ನಿಸೊಲೋನ್, 6 ಮಿ.ಗ್ರಾಂ ಡೆಫ್ಲಜಾಕಾರ್ಟ್, 20 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್, ಬರೀ 0.75 ಮಿ.ಗ್ರಾಂ ಡೆಕ್ಸಾಮೆಥಾಸೋನ್. ಹಾಗಾಗಿ "ದಿನಕ್ಕೆ 4 ಮಿ.ಗ್ರಾಂ ಡೆಕ್ಸಾ ಅಷ್ಟೇ, ಸಣ್ಣ ಡೋಸ್" ಅನ್ನುವುದು ಸಣ್ಣದಲ್ಲ. ಅದು 25 ಮಿ.ಗ್ರಾಂ ಪ್ರೆಡ್ನಿಸೊಲೋನ್ ದಾಟುತ್ತದೆ.

ಮಾತ್ರೆ ಮಾತ್ರ ಬರೆದರೆ ಸಾಲದು. ಮಂಡಿಗೆ ಹಾಕಿಸಿದ ಇಂಜೆಕ್ಷನ್, ಇನ್‌ಹೇಲರ್, ಚರ್ಮಕ್ಕೆ ಹಚ್ಚಿದ ಮುಲಾಮು, ಗುದದ್ವಾರಕ್ಕೆ ಹಾಕುವ ಎನಿಮಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪೊಟ್ಟಣದಲ್ಲಿ ಕಟ್ಟಿಕೊಟ್ಟ "ನಾಟಿ" ಪುಡಿಯನ್ನೂ ಬರೆಯಿರಿ. ಕೀಲುನೋವಿಗೆ, ದಮ್ಮಿಗೆ ಅಂತ ಮಾರುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಲ್ಯಾಬ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿರುವುದು ಹೊಸದೇನಲ್ಲ. ಎಲ್ಲ ನೋವೂ ಒಟ್ಟಿಗೆ ಮಾಯವಾಗಿ, ಮುಖ ದುಂಡಗಾಗಿ, ಹಸಿವು ಜಾಸ್ತಿಯಾದರೆ ಅನುಮಾನ ಪಡಿ.

ಹಂತ 2: ದಿಢೀರ್ ನಿಲ್ಲಿಸಬೇಡಿ

ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ನಿಲ್ಲಿಸುತ್ತವೆ. ಮೂರು ವಾರಕ್ಕಿಂತ ಜಾಸ್ತಿ ತಗೊಂಡಿದ್ದರೆ, ಇಲ್ಲಾ ಸಣ್ಣ ಸಣ್ಣ ಕೋರ್ಸುಗಳನ್ನು ಪದೇ ಪದೇ ತಗೊಂಡಿದ್ದರೆ, ಅವು ಮತ್ತೆ ಎಚ್ಚರವಾಗಲು ಸಮಯ ಬೇಕು. ಡೋಸನ್ನು ನಿಧಾನವಾಗಿ ಇಳಿಸುವುದು ಇದಕ್ಕೇ. ಕೆಲವೇ ದಿನದ ಕೋರ್ಸಾದರೆ ಸಾಮಾನ್ಯವಾಗಿ ಇಳಿಸುವ ಅಗತ್ಯ ಇರುವುದಿಲ್ಲ. ಆದರೂ ಕೇಳಿಯೇ ನಿಲ್ಲಿಸಿ.

ಹೊಟ್ಟೆಯ ರೋಗಿಗಳು ಬೀಳುವ ಹಳ್ಳ ಇಲ್ಲೊಂದಿದೆ. ಸ್ಟೀರಾಯ್ಡ್ ಕಡಿಮೆಯಾದಾಗ ಬರುವ ಲಕ್ಷಣಗಳೇ ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ, ವಿಪರೀತ ಸುಸ್ತು. "ಹಳೇ ಕಾಯಿಲೆ ವಾಪಸ್ ಬಂತು" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಿ.ಪಿ. ಇಳಿದಿದೆಯಾ, ಎದ್ದು ನಿಂತರೆ ತಲೆ ಸುತ್ತುತ್ತದಾ ನೋಡಿ. ಸುತ್ತುತ್ತಿದ್ದರೆ ಕಾಯಿಲೆ ಮರುಕಳಿಸಿದ್ದಕ್ಕಿಂತ ಕಾರ್ಟಿಸೋಲ್ ಕೊರತೆಯ ಸಾಧ್ಯತೆಯನ್ನು ಮೊದಲು ಯೋಚಿಸಬೇಕು.

ಇನ್ನೊಂದು ಮಾತು. ದೀರ್ಘಕಾಲ ಸ್ಟೀರಾಯ್ಡ್ ತಗೊಳ್ಳುತ್ತಿರುವವರಿಗೆ ವಾಂತಿ ಶುರುವಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅದು ಮಾತ್ರೆ ನಿಲ್ಲಿಸಿದ್ದಕ್ಕೆ ಸಮ. ನಾಳೆ ನೋಡೋಣ ಅನ್ನಬೇಡಿ. ಆಸ್ಪತ್ರೆಗೆ ಹೋಗಿ, "ನಾನು ಸ್ಟೀರಾಯ್ಡ್ ಮೇಲಿದ್ದೇನೆ, ಮಾತ್ರೆ ನಿಲ್ಲುತ್ತಿಲ್ಲ" ಅಂತ ಬಾಗಿಲಲ್ಲೇ ಹೇಳಿ. ಅಲ್ಲಿ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡುತ್ತಾರೆ.

ಹಂತ 3: ಈ ಲಕ್ಷಣ ಇದ್ದರೆ ಲೇಖನ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ

ಕರುಳು ತೂತಾದರೆ ಸಾಮಾನ್ಯವಾಗಿ ಹೊಟ್ಟೆ ಹಲಗೆಯಷ್ಟು ಗಟ್ಟಿಯಾಗುತ್ತದೆ, ಮುಟ್ಟಿದರೆ ಕಿರುಚುವಷ್ಟು ನೋವು, ಜ್ವರ. ಸ್ಟೀರಾಯ್ಡ್ ಮೇಲಿರುವವರಲ್ಲಿ ಇದ್ಯಾವುದೂ ಎದ್ದು ಕಾಣದೆ ಇರಬಹುದು. ನೋವು ಸಾಧಾರಣ, ಜ್ವರ ಇಲ್ಲ, ಆದರೆ ಒಳಗೆ ಕೆಟ್ಟಿರುತ್ತದೆ. ಹಾಗಾಗಿ ಇವರಿಗೆ ಎಚ್ಚರಿಕೆಯ ಮಟ್ಟ ಕೆಳಗಿರಬೇಕು:

- ಬಿಡದೆ ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿರುವುದು
- ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತ ಬೆರೆತ ಭೇದಿ, ಜೊತೆಗೆ ಜ್ವರ ಅಥವಾ ನಾಡಿಬಡಿತ 90ಕ್ಕಿಂತ ಹೆಚ್ಚು
- ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ
- ಕಣ್ಣು ಹಳದಿಯಾಗುವುದು
- ಹೊಟ್ಟೆಯ ತೊಂದರೆಯ ಜೊತೆ ಹೊಸದಾಗಿ ಕೆಮ್ಮು, ಉಸಿರಾಟದ ಕಷ್ಟ, ತಲೆನೋವು, ಗಲಿಬಿಲಿ
- ತಲೆ ಸುತ್ತಿ ಬೀಳುವಂತಾಗುವುದು

ಅಲ್ಲಿ "ಜ್ವರ ಇಲ್ಲವಲ್ಲ, ಗ್ಯಾಸ್ಟ್ರಿಕ್ ಇರಬೇಕು" ಅಂದರೆ ಸುಮ್ನೆ ವಾಪಸ್ ಬರಬೇಡಿ. ಸ್ಟೀರಾಯ್ಡ್ ಮಾತು ಮತ್ತೊಮ್ಮೆ ನೆನಪಿಸಿ.

ಹಂತ 4: ಔಷಧಿಯದೇ ಚೇಷ್ಟೆಗಳನ್ನು ಬೇರೆ ಮಾಡಿ

ಎಲ್ಲ ಬದಲಾವಣೆಯೂ ರೋಗದ್ದಲ್ಲ. ಹಸಿವು ಹೆಚ್ಚುವುದು, ನಿದ್ದೆ ಕೆಡುವುದು, ಮನಸ್ಸು ಹುರುಪಾಗಿ ಆಮೇಲೆ ಕುಸಿಯುವುದು, ಎದೆಯುರಿ, ಮುಖದ ಊತ ಇವೆಲ್ಲ ಸ್ಟೀರಾಯ್ಡ್‌ನದೇ. ಬಿಡದ ಬಿಕ್ಕಳಿಕೆ ಕೂಡ, ಮುಖ್ಯವಾಗಿ ಡೆಕ್ಸಾದಲ್ಲಿ. ಡೆಕ್ಸಾ ಇಂಜೆಕ್ಷನ್ ವೇಗವಾಗಿ ಕೊಟ್ಟರೆ ಗುದ ಮತ್ತು ಜನನಾಂಗದ ಸುತ್ತ ಚುರುಚುರು ಉರಿ ಬಂದು ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಜನ ಹೆದರಿಬಿಡುತ್ತಾರೆ, ನಾಚಿಕೆಯಿಂದ ಹೇಳುವುದೂ ಇಲ್ಲ. ಅಪಾಯವೇನಿಲ್ಲ, ನಿಧಾನವಾಗಿ ಕೊಟ್ಟರೆ ಬರುವುದಿಲ್ಲ.

ಬೆಳಗ್ಗೆ ತಗೊಂಡ ಪ್ರೆಡ್ನಿಸೊಲೋನ್ ಶುಗರ್ ಏರಿಸುವುದು ಮಧ್ಯಾಹ್ನದಿಂದ ಸಂಜೆಗೆ. ಬೆಳಗ್ಗಿನ ಖಾಲಿ ಹೊಟ್ಟೆಯ ಶುಗರ್ ನಾರ್ಮಲ್ ಇದ್ದರೆ ಎಲ್ಲ ಸರಿ ಅಂದುಕೊಳ್ಳಬೇಡಿ, ಊಟದ ನಂತರದ್ದನ್ನೂ ನೋಡಿಸಿ.

ಎದೆಯುರಿಯ ಬಗ್ಗೆ: ಸ್ಟೀರಾಯ್ಡ್ ಒಂದರಿಂದಲೇ ಹೊಟ್ಟೆಹುಣ್ಣಾಗುವ ಅಪಾಯ ಜನ ಅಂದುಕೊಂಡಷ್ಟಿಲ್ಲ. ಆದರೆ ಜೊತೆಗೆ ಡೈಕ್ಲೊಫಿನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಸೇರಿದರೆ ಅಪಾಯ ಹಲವು ಪಟ್ಟಾಗುತ್ತದೆ. ಕೀಲುನೋವಿಗೆ ಎರಡನ್ನೂ ಒಟ್ಟಿಗೆ ನುಂಗುವವರು ಎಷ್ಟು ಜನ ಇಲ್ಲ ಹೇಳಿ.

ಅಪರೂಪದ್ದೊಂದಿದೆ. ಮಿಥೈಲ್ ಪ್ರೆಡ್ನಿಸೊಲೋನ್‌ನ ಕೆಲವು 40 ಮಿ.ಗ್ರಾಂ ಇಂಜೆಕ್ಷನ್‌ಗಳಲ್ಲಿ ಹಸುವಿನ ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಇರುತ್ತದೆ. ಹಾಲಿನ ಪ್ರೋಟೀನಿಗೆ ನಿಜವಾದ ಅಲರ್ಜಿ ಇರುವವರಿಗೆ ಅಲರ್ಜಿ ತಗ್ಗಿಸಲು ಕೊಟ್ಟ ಇಂಜೆಕ್ಷನ್ನೇ ಅಲರ್ಜಿ ತರಬಹುದು. ಹಾಲು ಕುಡಿದರೆ ಬರೀ ಹೊಟ್ಟೆ ಉಬ್ಬುವವರಿಗೆ ಈ ಚಿಂತೆ ಬೇಡ.

ಹಂತ 5: ಹೊಟ್ಟೆ ಸರಿಹೋಗಿದ್ದರೆ ಏನಿರಬಹುದು

ಸ್ಟೀರಾಯ್ಡ್‌ಗೆ ಒಲಿಯುವ ಹೊಟ್ಟೆಯ ಕಾಯಿಲೆಗಳು ಬೇಕಾದಷ್ಟಿವೆ. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಹುಣ್ಣು ಮಾಡುವ ಕ್ರೋನ್ಸ್ ಕಾಯಿಲೆ, ದೊಡ್ಡ ಕರುಳಿಗೆ ಸೀಮಿತವಾದ ಅಲ್ಸರೇಟಿವ್ ಕೊಲೈಟಿಸ್, ಇವೆರಡು ಎಲ್ಲರಿಗೂ ಮೊದಲು ನೆನಪಾಗುತ್ತವೆ. ಮರೆತುಹೋಗುವ ಬೇರೆಯವನ್ನು ಇಲ್ಲಿ ಹೇಳುತ್ತೇನೆ.

ಮೈಕ್ರೋಸ್ಕೋಪಿಕ್ ಕೊಲೈಟಿಸ್: ನೀರಿನಂಥ ಭೇದಿ, ಹೆಚ್ಚಾಗಿ ಐವತ್ತು ದಾಟಿದವರಲ್ಲಿ. ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದಿಂದ ಕ್ಯಾಮೆರಾ ಹಾಕಿ ನೋಡಿದಾಗ, ಕರುಳು ಪೂರ್ತಿ ಚೆನ್ನಾಗಿ ಕಾಣುತ್ತದೆ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಸಿಗುತ್ತದೆ. "ಕೊಲೊನೋಸ್ಕೋಪಿ ನಾರ್ಮಲ್" ಅಂತ ವರದಿ ಇದ್ದರೆ, ಬಯಾಪ್ಸಿ ತೆಗೆದಿದ್ದರಾ ಅಂತ ನೋಡಿ.

ಸೀಲಿಯಾಕ್ ಕಾಯಿಲೆ: ಗೋಧಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನಿಗೆ ಸಣ್ಣ ಕರುಳು ತಿರುಗಿ ಬೀಳುವುದು. ಉತ್ತರ ಭಾರತದಲ್ಲಿ ಜಾಸ್ತಿ, ನಮ್ಮ ಕಡೆ ಕಡಿಮೆ. ಕಡಿಮೆ ಅಂತಲೇ ಯಾರೂ ನೋಡುವುದಿಲ್ಲ. ಮದುವೆಯಾಗಿಯೋ ಕೆಲಸಕ್ಕೋ ಊರು ಬಿಟ್ಟು, ಮುದ್ದೆ ಅನ್ನದಿಂದ ಚಪಾತಿಗೆ ಬದಲಾದ ಮೇಲೆ ಹೊಟ್ಟೆ ಕೆಟ್ಟಿದ್ದರೆ ಅದನ್ನು ಡಾಕ್ಟರಿಗೆ ಹೇಳಿ.

ಅನ್ನನಾಳದ ಇಯೊಸಿನೊಫಿಲ್ ಕಾಯಿಲೆ: ಊಟ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಉಬ್ಬಸವೋ ಅಲರ್ಜಿಯೋ ಇರುತ್ತದೆ. ಇಯೊಸಿನೊಫಿಲ್ ಅಂದರೆ ಅಲರ್ಜಿ ಮತ್ತು ಹುಳುಗಳಿಗೆ ಸಂಬಂಧಿಸಿದ ಬಿಳಿರಕ್ತಕಣ. ಸ್ಟೀರಾಯ್ಡ್ ಶುರುವಾದರೆ ನುಂಗುವುದು ಸಲೀಸಾಗುತ್ತದೆ.

ಅಡಿಸನ್ ಕಾಯಿಲೆ: ಇದನ್ನು ಸ್ವಲ್ಪ ಒತ್ತಿ ಹೇಳಬೇಕು, ಯಾಕೆಂದರೆ ಇದು ಹೊಟ್ಟೆಯ ಕಾಯಿಲೆಯೇ ಅಲ್ಲ. ಅಡ್ರಿನಲ್ ಗ್ರಂಥಿಯೇ ಹಾಳಾಗಿ ಕಾರ್ಟಿಸೋಲ್ ತಯಾರಾಗುವುದಿಲ್ಲ. ವಾಕರಿಕೆ, ಭೇದಿ, ಹೊಟ್ಟೆನೋವು, ತೂಕ ಇಳಿತ ಅಂತ ರೋಗಿ ಹೊಟ್ಟೆಯ ಡಾಕ್ಟರ ಹತ್ತಿರ ವರ್ಷಗಟ್ಟಲೆ ಓಡಾಡುತ್ತಾರೆ. ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನದಲ್ಲೇ ಎದ್ದು ಕೂರುತ್ತಾರೆ. ಸುಳಿವುಗಳು: ಅಂಗೈ ಗೆರೆ, ವಸಡು, ಹಳೇ ಗಾಯದ ಗುರುತು ಕಪ್ಪಾಗುವುದು, ಕಡಿಮೆ ಬಿ.ಪಿ., ರಕ್ತದಲ್ಲಿ ಸೋಡಿಯಂ ಕಡಿಮೆ, ಉಪ್ಪು ತಿನ್ನುವ ಆಸೆ. ನಮ್ಮ ದೇಶದಲ್ಲಿ ಇದಕ್ಕೆ ಟಿಬಿ ಒಂದು ದೊಡ್ಡ ಕಾರಣ.

ಕೊನೆಯದಾಗಿ, ಸರಿಹೋದದ್ದೇ ಅಪಾಯವಾಗುವ ಸಂದರ್ಭ. ಲಿಂಫೋಮಾ ಎಂಬ ಕ್ಯಾನ್ಸರ್ ಕರುಳಲ್ಲೂ ಬರುತ್ತದೆ. ಸ್ಟೀರಾಯ್ಡ್ ಬಿದ್ದ ಕೂಡಲೇ ಗಡ್ಡೆ ಕುಗ್ಗಿ, ಬಯಾಪ್ಸಿಯಲ್ಲಿ ಏನೂ ಸಿಗದಂತಾಗಬಹುದು. ಕೆಲವು ತಿಂಗಳ ನಂತರ ಅದು ಮತ್ತೆ ಬೆಳೆಯುತ್ತದೆ. "ಮೊದಲು ಬಯಾಪ್ಸಿ, ಆಮೇಲೆ ಸ್ಟೀರಾಯ್ಡ್" ಅಂತ ಡಾಕ್ಟರು ಪಟ್ಟು ಹಿಡಿದರೆ ಸಿಟ್ಟಾಗಬೇಡಿ.

ಹಂತ 6: ಹೊಟ್ಟೆ ಕೆಟ್ಟಿದ್ದರೆ ಏನಿರಬಹುದು

ನಮ್ಮ ದೇಶದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಇದು ಕರುಳಿನ ಟಿಬಿ ಅಲ್ಲ ತಾನೇ?

ಟಿಬಿ ಅಂದರೆ ಶ್ವಾಸಕೋಶ, ಕೆಮ್ಮು ಅಂತಲೇ ನಮ್ಮ ತಲೆಯಲ್ಲಿದೆ. ಕರುಳಿಗೂ ಬರುತ್ತದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ, ಹೊಟ್ಟೆಯ ಬಲಗಡೆ ಕೆಳಭಾಗದ ಜಾಗ ಅದಕ್ಕೆ ಬಹಳ ಇಷ್ಟ. ಕ್ರೋನ್ಸ್ ಕಾಯಿಲೆಗೂ ಅದೇ ಜಾಗ ಇಷ್ಟ. ಎರಡರಲ್ಲೂ ಹುಣ್ಣು, ಎರಡರಲ್ಲೂ ಕರುಳು ಕಿರಿದಾಗುವುದು, ಎರಡರಲ್ಲೂ ಬಯಾಪ್ಸಿಯಲ್ಲಿ ಗ್ರಾನ್ಯುಲೋಮಾ, ಅಂದರೆ ರಕ್ಷಣಾ ಕಣಗಳ ಪುಟ್ಟ ಗಂಟು. ಅನುಭವಿ ಡಾಕ್ಟರುಗಳೂ ಇಲ್ಲಿ ತಡವರಿಸುತ್ತಾರೆ. ಎದೆಯ ಎಕ್ಸ್‌ರೇ ಸ್ವಚ್ಛ ಇದ್ದ ಮಾತ್ರಕ್ಕೆ ಕರುಳಿನ ಟಿಬಿ ಇಲ್ಲ ಅನ್ನಲಾಗದು. ಬಯಾಪ್ಸಿ ಚೂರಿನ ಜೀನ್‌ಎಕ್ಸ್‌ಪರ್ಟ್, ಅಂದರೆ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಟೆಸ್ಟ್, ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅರ್ಥವಲ್ಲ, ಕರುಳಿನ ಟಿಬಿಯಲ್ಲಿ ಅದು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಈಗ ಸ್ಟೀರಾಯ್ಡ್ ಮಾಡುವ ಮೋಸ ನೋಡಿ. ಟಿಬಿ ಇರುವವರಿಗೂ ಮೊದಮೊದಲು ಹಾಯೆನಿಸುತ್ತದೆ. ಜ್ವರ ಇಳಿಯುತ್ತದೆ, ಹಸಿವು ಬರುತ್ತದೆ, ನೋವು ತಗ್ಗುತ್ತದೆ. "ಸ್ಟೀರಾಯ್ಡ್ ಕೆಲಸ ಮಾಡಿತು, ಹಾಗಾದರೆ ಇದು ಕ್ರೋನ್ಸ್" ಅಂತ ಮನೆಯವರೂ ಡಾಕ್ಟರೂ ನಿರಾಳವಾಗುತ್ತಾರೆ. ಒಳಗೆ ರೋಗಾಣುವಿಗೆ ಕಾವಲೇ ಇಲ್ಲ. ವಾರಗಳು ಕಳೆದಂತೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ, ಹೊಟ್ಟೆಯಲ್ಲಿ ನೀರು ತುಂಬುವುದು ಶುರುವಾಗುತ್ತದೆ. ಹಾಗಾಗಿ ಮೊದಲ ಎರಡು ವಾರದ ಸುಖವನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ನಿರ್ಧಾರ ಆಗದಿದ್ದಾಗ ನಮ್ಮಲ್ಲಿ ಹಲವು ಡಾಕ್ಟರುಗಳು ಮೊದಲು ಟಿಬಿ ಔಷಧಿ ಕೊಟ್ಟು, ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡುತ್ತಾರೆ. ಹುಣ್ಣು ಮಾಯ್ದಿದ್ದರೆ ಟಿಬಿ ಅಂತ ಆರು ತಿಂಗಳ ಕೋರ್ಸ್ ಮುಗಿಸುತ್ತಾರೆ. ಮಾಯದಿದ್ದರೆ ಕ್ರೋನ್ಸ್ ಕಡೆ, ಇಲ್ಲಾ ಔಷಧಿಗೆ ಬಗ್ಗದ ಟಿಬಿಯ ಕಡೆ ಯೋಚಿಸುತ್ತಾರೆ. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, "ನೋವು ಕಡಿಮೆಯಾಯಿತು" ಅಂತ ಎರಡನೇ ಕೊಲೊನೋಸ್ಕೋಪಿಗೆ ಹೋಗದಿರುವುದು. ಹುಣ್ಣು ಮಾಯ್ದದ್ದನ್ನು ಕಣ್ಣಲ್ಲಿ ನೋಡಬೇಕು, ನೋವಿನ ಲೆಕ್ಕ ಸಾಲದು. ಎರಡು, ಟಿಬಿ ಔಷಧಿಯ ಜೊತೆಗೇ ಸ್ಟೀರಾಯ್ಡನ್ನೂ ನುಂಗುವುದು. ಆಗ ಯಾವುದರಿಂದ ವಾಸಿಯಾಯಿತು ಅಂತ ಹೇಳಲಾಗದು. ಮೆದುಳಿನ ಪೊರೆಯ ಟಿಬಿಯಂಥ ಕೆಲವು ಕಡೆ ಡಾಕ್ಟರೇ ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ಅದು ಬೇರೆ ವಿಷಯ. ಟಿಬಿ ಔಷಧಿಯ ರಕ್ಷಣೆ ಇಲ್ಲದೆ ಬರೀ ಸ್ಟೀರಾಯ್ಡ್ ಬಿದ್ದರೆ ಅಪಾಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಬಿ ಔಷಧಿ ಉಚಿತ. ನಿಕ್ಷಯ್ ಸಂಪರ್ಕ್ ಸಹಾಯವಾಣಿ 1800-11-6666.

ಎರಡನೇ ಶಂಕಿತ ಅಮೀಬಾ. ನಮ್ಮ ಹಿರಿಯರು ಆಮಶಂಕೆ ಅನ್ನುವ, ಲೋಳೆ ರಕ್ತ ಬೆರೆತ ಭೇದಿ. ನೋಡಲು ಅಲ್ಸರೇಟಿವ್ ಕೊಲೈಟಿಸ್ ಥರವೇ. ಅದೆಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಕೆಲವೇ ದಿನಗಳಲ್ಲಿ ಕರುಳು ಹಿಗ್ಗಿ ತೂತಾಗುವವರೆಗೂ ಹೋಗಬಹುದು. ಮಲಪರೀಕ್ಷೆಗೆ ಹೊಸದಾಗಿ ವಿಸರ್ಜಿಸಿದ ಮಲವೇ ಬೇಕು. ರಾತ್ರಿಯದನ್ನು ಡಬ್ಬದಲ್ಲಿಟ್ಟು ಬೆಳಗ್ಗೆ ಕೊಟ್ಟರೆ ಚಲಿಸುವ ಅಮೀಬಾ ಕಾಣುವುದಿಲ್ಲ.

ಮೂರನೆಯದು ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು. ತೋಟ, ಗದ್ದೆ, ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವಾಗ ಚರ್ಮ ತೂರಿ ಒಳಗೆ ಬರುತ್ತದೆ. ಬೇರೆ ಹೆಚ್ಚಿನ ಹುಳುಗಳಿಗಿಲ್ಲದ ಗುಣ ಇದಕ್ಕಿದೆ: ಮೈಯೊಳಗೇ ಮತ್ತೆ ಮತ್ತೆ ಸೋಂಕು ಮಾಡಿಕೊಂಡು ದಶಕಗಳ ಕಾಲ ಸದ್ದಿಲ್ಲದೆ ಇರಬಲ್ಲದು. ಚಿಕ್ಕಂದಿನಲ್ಲಿ ತೋಟದಲ್ಲಿ ಓಡಾಡಿದವರಿಗೆ ಅರವತ್ತರಲ್ಲಿ ಸ್ಟೀರಾಯ್ಡ್ ಕೊಟ್ಟಾಗ ಎಚ್ಚರವಾಗಬಹುದು. ಆಗ ಮರಿಹುಳುಗಳು ಕರುಳಿನಿಂದ ಶ್ವಾಸಕೋಶಕ್ಕೆ, ರಕ್ತಕ್ಕೆ ನುಗ್ಗುತ್ತವೆ, ಕರುಳಿನ ಬ್ಯಾಕ್ಟೀರಿಯಾವನ್ನೂ ಎಳೆದೊಯ್ಯುತ್ತವೆ. ಕೆಲವೇ ದಿನದ ಕೋರ್ಸ್ ಕೂಡ ಇದಕ್ಕೆ ಸಾಕಾಗಬಹುದು. 2020ರಲ್ಲಿ ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಬಳಕೆ ಹೆಚ್ಚಿದಾಗ ತಜ್ಞರು ಈ ಹುಳುವಿನ ಬಗ್ಗೆ ಎಚ್ಚರಿಸಿದ್ದು ಇದಕ್ಕೇ. ಸೊಂಟ ಪೃಷ್ಠದ ಮೇಲೆ ಬೇಗ ಸರಿದಾಡುವ ತುರಿಕೆಯ ಗೆರೆ ಬಂದಿದ್ದರೆ ಮರೆಯದೆ ಹೇಳಿ. ಒಂದು ಸಲದ ಮಲಪರೀಕ್ಷೆಯಲ್ಲಿ ಇದು ಸಿಗದಿರುವುದೇ ಜಾಸ್ತಿ. "ಹುಳದ ಮಾತ್ರೆ ತಗೊಂಡಿದ್ದೇನಲ್ಲ" ಅನ್ನಬೇಡಿ. ಅಲ್ಬೆಂಡಜೋಲ್ ಒಂದು ಮಾತ್ರೆ ಇದಕ್ಕೆ ಸಾಲದು, ಇದರ ಔಷಧಿ ಐವರ್ಮೆಕ್ಟಿನ್. ಡೋಸ್ ತೂಕದ ಮೇಲೆ ಡಾಕ್ಟರೇ ನಿರ್ಧರಿಸಬೇಕು.

ಇವಲ್ಲದೆ, ಗೊತ್ತಿರುವ ಕೊಲೈಟಿಸ್ ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ಸೈಟೋಮೆಗಾಲೋ ವೈರಸ್, ಆಂಟಿಬಯಾಟಿಕ್ ನಂತರ ಬರುವ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಎರಡನ್ನೂ ಪರೀಕ್ಷಿಸುತ್ತಾರೆ. ಹೆಪಟೈಟಿಸ್ ಬಿ ಮೈಯಲ್ಲಿ ಮಲಗಿದ್ದರೆ ಸ್ಟೀರಾಯ್ಡ್ ಅದನ್ನೂ ಎಬ್ಬಿಸಬಹುದು. ದೊಡ್ಡ ಕೋರ್ಸಿಗೆ ಮುಂಚೆ ಎಚ್‌ಬಿಎಸ್‌ಎಜಿ ಎಂಬ ಅಗ್ಗದ ರಕ್ತಪರೀಕ್ಷೆ ಮಾಡಿಸುವುದು ಜಾಣತನ.

ಸ್ಟೀರಾಯ್ಡ್‌ನಿಂದ ಏನೂ ಬದಲಾಗದಿದ್ದರೆ? ಕರುಳು ಗಾಯದ ಕಲೆಯಿಂದ ಕಿರಿದಾಗಿದ್ದರೆ ಸ್ಟೀರಾಯ್ಡ್ ಅದನ್ನು ಅಗಲ ಮಾಡುವುದಿಲ್ಲ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಸ್ಟೀರಾಯ್ಡ್‌ನ ಬಲವನ್ನು ಇಳಿಸುತ್ತವೆ. ಉರಿಯೂತವೇ ಇಲ್ಲದ ಐಬಿಎಸ್‌ಗೆ, ಅಂದರೆ ಕರುಳಿನ ಚಲನೆ ಮತ್ತು ಸಂವೇದನೆಯ ತೊಂದರೆಗೆ, ಇದು ಮದ್ದೇ ಅಲ್ಲ.

ಹಂತ 7: ಟೆಸ್ಟುಗಳನ್ನು ಕೆಡಿಸಿಕೊಳ್ಳಬೇಡಿ

ಸ್ಟೀರಾಯ್ಡ್ ಮೇಲಿದ್ದಾಗ ವರದಿಗಳು ದಾರಿ ತಪ್ಪಿಸುತ್ತವೆ. ಬಿಳಿರಕ್ತಕಣಗಳ ಒಟ್ಟು ಲೆಕ್ಕ ಸೋಂಕಿಲ್ಲದೆಯೂ ಏರುತ್ತದೆ. ಇಯೊಸಿನೊಫಿಲ್ ಇಳಿಯುತ್ತದೆ, ಹಾಗಾಗಿ ಹುಳು ಇದ್ದರೂ ಲೆಕ್ಕ ನಾರ್ಮಲ್. ಉರಿಯೂತ ಅಳೆಯುವ ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎರಡೂ ತಗ್ಗಬಹುದು. ಮಾಂಟೂ ಎಂಬ ಟಿಬಿ ಚರ್ಮಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಬೆಳಗ್ಗಿನ ಕಾರ್ಟಿಸೋಲ್ ಟೆಸ್ಟಂತೂ ನಂಬುವ ಹಾಗಿಲ್ಲ. ಸ್ಟೀರಾಯ್ಡ್ ಅದನ್ನು ತಗ್ಗಿಸಿರುತ್ತದೆ, ಇನ್ನು ಪ್ರೆಡ್ನಿಸೊಲೋನ್ ಕೆಲವು ಯಂತ್ರಗಳಲ್ಲಿ ಕಾರ್ಟಿಸೋಲ್ ಎಂದೇ ಓದಿಸಿಕೊಳ್ಳುತ್ತದೆ.

ಪರಿಹಾರ ಸರಳ: ಪ್ರತಿ ಟೆಸ್ಟಿನ ಪಕ್ಕದಲ್ಲಿ "ಅವತ್ತು ಸ್ಟೀರಾಯ್ಡ್ ಎಷ್ಟು, ಎಷ್ಟನೇ ದಿನ" ಅಂತ ಬರೆಯಿರಿ. ಸ್ಟೀರಾಯ್ಡ್ ಇನ್ನೂ ಶುರುವಾಗಿಲ್ಲ, ತುರ್ತೂ ಇಲ್ಲ ಅಂದರೆ ಟೆಸ್ಟುಗಳನ್ನು ಮೊದಲು ಮುಗಿಸಬಹುದಾ ಅಂತ ಕೇಳಿ. ಟೆಸ್ಟಿಗಾಗಿ ನೀವೇ ಮಾತ್ರೆ ನಿಲ್ಲಿಸುವುದು ಬೇಡ.

ಗೋಧಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸೀಲಿಯಾಕ್ ಅನುಮಾನ ಬಂದ ಕೂಡಲೇ ಚಪಾತಿ ಬಿಟ್ಟುಬಿಡುತ್ತಾರೆ. ಆಮೇಲೆ ಟಿಟಿಜಿ ಎಂಬ ರಕ್ತಪರೀಕ್ಷೆ ನೆಗೆಟಿವ್ ಬರುತ್ತದೆ. ರಕ್ತಪರೀಕ್ಷೆ, ಬಯಾಪ್ಸಿ ಎರಡೂ ಮುಗಿಯುವವರೆಗೆ ಚಪಾತಿ, ರವೆ ಉಪ್ಪಿಟ್ಟು, ಬ್ರೆಡ್ ಎಂದಿನಂತೆ ತಿನ್ನಿ. ಕಾಯಿಲೆ ಖಚಿತವಾದ ಮೇಲೆ ಬಿಡುವುದಾದರೆ ಪೂರ್ತಿ ಬಿಡಿ. ಆಗ ಸಾಂಬಾರಿನ ಇಂಗನ್ನೂ ನೋಡಬೇಕಾಗುತ್ತದೆ, ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆಸಿರುವುದು ಸಾಮಾನ್ಯ. ರಾಗಿ, ಜೋಳ, ಅಕ್ಕಿಗೆ ತೊಂದರೆ ಇಲ್ಲ.

ಎಂಡೋಸ್ಕೋಪಿಗೆ ಹೋಗುವ ಮುಂಚೆ ಈ ಮೂರನ್ನು ಕೇಳಿ: ನೋಡಲು ಚೆನ್ನಾಗಿದ್ದರೂ ಬಯಾಪ್ಸಿ ತೆಗೆಯುತ್ತೀರಾ? ಸಣ್ಣ ಕರುಳಿನ ಕೊನೆಯ ಭಾಗದವರೆಗೂ ಹೋಗಿ ನೋಡುತ್ತೀರಾ? ಹುಣ್ಣು ಕಂಡರೆ ಒಂದು ಚೂರನ್ನು ಟಿಬಿ ಪರೀಕ್ಷೆಗೆ ಬೇರೆ ಕಳಿಸುತ್ತೀರಾ? ಮೂರನೆಯದು ಮುಖ್ಯ. ಎಲ್ಲ ಚೂರನ್ನೂ ಫಾರ್ಮಲಿನ್ ದ್ರವಕ್ಕೆ ಹಾಕಿಬಿಟ್ಟರೆ ಟಿಬಿ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಬರುವುದಿಲ್ಲ.

ಹಂತ 8: ಡಾಕ್ಟರ ಮುಂದೆ ಒಂದೇ ಪುಟ

ಫೈಲು ದಪ್ಪವಾದಷ್ಟೂ ಯಾರೂ ಓದುವುದಿಲ್ಲ. ಒಂದು ಪುಟದಲ್ಲಿ ತಾರೀಖಿನ ಸಾಲು ಮಾಡಿ. ಎಡಗಡೆ ಸ್ಟೀರಾಯ್ಡ್ ಹೆಸರು ಮತ್ತು ಡೋಸ್, ಬಲಗಡೆ ಅವತ್ತಿನ ಮೋಶನ್ ಎಷ್ಟು ಸಲ, ರಕ್ತ ಇತ್ತಾ, ನೋವು, ಸಂಜೆಯ ಜ್ವರ. ತೂಕ ವಾರಕ್ಕೊಮ್ಮೆ. "ಸ್ವಲ್ಪ ಪರವಾಗಿಲ್ಲ" ಅಂತ ಬರೆಯುವುದಕ್ಕಿಂತ "ಎಂಟು ಸಲ ಇದ್ದದ್ದು ಎರಡಕ್ಕೆ ಇಳಿಯಿತು" ಅಂತ ಬರೆಯಿರಿ. ಯಾವ ಡೋಸಿಗೆ ಇಳಿಸಿದಾಗ ತೊಂದರೆ ಮರಳಿತು ಅನ್ನುವುದನ್ನು ಗೆರೆ ಎಳೆದು ತೋರಿಸಿ. ಗ್ಯಾಸ್ಟ್ರೋ ಡಾಕ್ಟರಿಗೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ.

"ನೋಡೋಣ, ಸ್ಟೀರಾಯ್ಡ್ ಕೊಟ್ಟು ನೋಡೋಣ" ಅಂದರೆ ತಪ್ಪೇನಿಲ್ಲ, ಕೆಲವು ಕಾಯಿಲೆಗಳಲ್ಲಿ ಅದೂ ಒಂದು ಪರೀಕ್ಷೆಯೇ. ಆದರೆ ಮೊದಲೇ ಕೇಳಿಕೊಳ್ಳಿ: ಎಷ್ಟು ದಿನ? ಏನು ಬದಲಾದರೆ ಗೆದ್ದಂತೆ? ಬದಲಾಗದಿದ್ದರೆ ಮುಂದೇನು? ಟಿಬಿ, ಹೆಪಟೈಟಿಸ್ ಬಿ, ಹುಳು ನೋಡಿದ್ದೀರಾ? ಉತ್ತರವಿಲ್ಲದೆ ತಿಂಗಳುಗಟ್ಟಲೆ ಅದೇ ಚೀಟಿ ಮುಂದುವರಿಯುತ್ತಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ಕೊಳ್ಳುವುದಂತೂ ಬೇಡವೇ ಬೇಡ.

ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿ ಇರುವ ಕನ್ನಡಿಗರಿಗೆ ಒಂದು ಮಾತು. ಅಮೆರಿಕ, ಬ್ರಿಟನ್‌ನಲ್ಲಿ ಕರುಳಿನ ಹುಣ್ಣು ಕಂಡರೆ ಡಾಕ್ಟರಿಗೆ ಮೊದಲು ನೆನಪಾಗುವುದು ಕ್ರೋನ್ಸ್. ನೀವು ಎಲ್ಲಿ ಹುಟ್ಟಿ ಬೆಳೆದಿರಿ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ, ಬರಿಗಾಲಲ್ಲಿ ಮಣ್ಣಿನಲ್ಲಿ ಓಡಾಡಿದ್ದೀರಾ, ಊರಿಗೆ ಕೊನೆಯ ಸಲ ಹೋಗಿದ್ದು ಯಾವಾಗ ಅಂತ ಅವರು ಕೇಳದಿದ್ದರೂ ಹೇಳಿ. ಇಪ್ಪತ್ತು ವರ್ಷದ ಹಿಂದೆ ದೇಶ ಬಿಟ್ಟಿದ್ದರೂ ಹೇಳಿ.

ಸ್ಟೀರಾಯ್ಡ್ ಮುಂದುವರಿಯುವುದಾದರೆ ಪರ್ಸಿನಲ್ಲಿ ಒಂದು ಚೀಟಿ ಇರಲಿ: ಔಷಧಿಯ ಹೆಸರು, ಈಗಿನ ಡೋಸ್, ಶುರುವಾದ ತಾರೀಖು, ಡಾಕ್ಟರ ಫೋನ್, "ದಿಢೀರ್ ನಿಲ್ಲಿಸಬಾರದು" ಅನ್ನುವ ಸಾಲು. ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಆ ಚೀಟಿ ಎಸೆಯಬೇಡಿ. ಆಪರೇಷನ್, ಅಪಘಾತ, ಜೋರು ವಾಂತಿಭೇದಿಯ ಹೊತ್ತಿನಲ್ಲಿ ನಿದ್ದೆಯಲ್ಲಿರುವ ಅಡ್ರಿನಲ್ ಕೈಕೊಟ್ಟರೆ, ಎಮರ್ಜೆನ್ಸಿಯಲ್ಲಿ ಕೂತವರಿಗೆ ಅದನ್ನು ತಿಳಿಸುವುದು ಆ ಚೀಟಿಯೇ.